ತಿರುಳ್ಗನ್ನಡದ ನಾಡಿನಲ್ಲಿ ಇಬ್ಬರು ಪರದೇಶಿಗಳು



ದೇಶಸಂಚಾರದ ವಿಷಯವಾಗಿ ಭಾಷಣ ಮಾಡುವವರು ಸಾಮಾನ್ಯವಾಗಿ ಸಮುದ್ರವನ್ನು ದಾಟಿ ಬಂದವರಾಗಿರುತ್ತಾರೆ. ಲಂಡನ್ನಿನ ಮಂಜನ್ನಾಗಲಿ ಪ್ಯಾರಿಸ್ಸಿನ ದೀಪಗಳನ್ನಾಗಲಿ ಕಾಣದವನು ಪ್ರವಾಸದ ಮಾತನ್ನೆತ್ತುವುದು ಅಧಿಕಪ್ರಸಂಗವೆಂಬ ಭಾವನೆ ನಮ್ಮ ವಿದ್ಯಾವಂತರಲ್ಲಿ ಇಲ್ಲದಿಲ್ಲ. ನಾವು ದಾಟಿದ್ದು ಒಂದು ಹೊಳೆಯನ್ನು ಮಾತ್ರ. ಅದನ್ನೂ ರೈಲಿನಲ್ಲಿ, ನಿದ್ದೆಯಲ್ಲಿ ದಾಟಿದೆವು. ಹರಿಹರದ ಬಳಿ ಗಾಡಿಯು ತುಂಗಭದ್ರೆಯ ಸೇತುವೆಯ ಮೇಲೆ ಸದ್ದು ಮಾಡುತ್ತ ಹೋದುದು ನಮಗೆ ತಿಳಿಯಲೇ ಇಲ್ಲ. ಹೀಗಿದ್ದರೂ ಗದಗ-ಬೆಟಗೇರಿ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳಲ್ಲಿ ಕಳೆದ ನಾಲ್ಕು ದಿನಗಳಲ್ಲಿ, ಪರದೇಶದಲ್ಲಿ ಪಡಬಹುದಾದ ಪಾಡನ್ನೆಲ್ಲ ಪಟ್ಟು ಬಂದಿದ್ದೇವೆ. ನಮ್ಮ ಭಾಷೆಯಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥಗಳುಂಟು: ಬೇರೆ ದೇಶದವನೆಂಬುದು ಒಂದು, ದಿಕ್ಕಿಲ್ಲದವನೆಂಬುದು ಇನ್ನೊಂದು. ಮೊದಲನೆಯ ಅರ್ಥವು ನಮಗೆ ಸಲ್ಲುವುದೋ ಇಲ್ಲವೋ ತಾವೇ ನಿರ್ಣಯಿಸಬೇಕು. ಎರಡನೆಯದು ಸಂದಿತೆಂಬುದಕ್ಕೆ ನಾವೇ ಸಾಕ್ಷಿ.

ಪೀಠಿಕೆಯಾಗಿ ಇನ್ನೂ ಒಂದು ಮಾತು. ಈ ಭಾಷಣದಲ್ಲಿ ‘ನಾವು’ ಎಂದರೆ ದಂಪತಿಗಳಾದ ನಾವಿಬ್ಬರು. ನಮ್ಮಲ್ಲಿ ಒಬ್ಬರು ಕಾಲೇಜಿನಲ್ಲಿ ಇತಿಹಾಸದ ಪಾಠ ಹೇಳುವವರು; ಇನ್ನೊಬ್ಬರು ಆ ಪಾಠವನ್ನು ಮನೆಯಲ್ಲಿಯೂ ಕೇಳಬೇಕಾಗಿ ಬಂದವರು. ಯಾವ ತಪ್ಪು ಯಾರದೆಂದು ವಿಂಗಡಿಸದೆ ಎಲ್ಲವನ್ನೂ ‘ನಾವು’ ಎಂದೇ ಹೇಳತಕ್ಕದ್ದೆಂದು ನಮ್ಮೊಳಗೆ ಒಂದು ಕರಾರಾಗಿದೆ. ಒಂದು ಕಡೆಯಲ್ಲಿ ಮಾತ್ರ ಈ ಕರಾರನ್ನು ಮುರಿಯಬೇಕಾಗುತ್ತದೆ. ಅದನ್ನು ಆ ಕಡೆ ಬಂದಾಗ ಹೇಳುತ್ತೇವೆ.

1948ಕ್ಕೆ ಮುಂಚೆ ಮೈಸೂರಿನವನೊಬ್ಬನು ಈ ಸೀಮೆಯನ್ನು ಸುತ್ತಬೇಕೆಂದಿದ್ದರೆ ಅದು ನಿಜವಾಗಿಯೂ ಪರದೇಶದ ಯಾತ್ರೆಯೇ ಆಗುತ್ತಿತ್ತು. ಹರಿಹರದ ಹೊಳೆಯನ್ನು ದಾಟಿದೊಡನೆ ಮುಂಬಯಿ ಆಧಿಪತ್ಯ. ಸವಣೂರಿಗೆ ಬಂದರೆ ನವಾಬರ ಸಂಸ್ಥಾನ. ಲಕ್ಷ್ಮೇಶ್ವರಕ್ಕೆ ಹೋದರೆ ಮಿರಜಿನ ಪಟವರ್ಧನರದು. ಅಲ್ಲಿಂದ ಒಂದು ಗಳಿಗೆಯ ದಾರಿಯಲ್ಲಿರುವ ಶಿರಹಟ್ಟಿಗೆ ಹೋದರೆ ಸಾಂಗಲಿಯ ಪಟವರ್ಧನರದು. ಗದಗ, ಮುಂಡರಗಿಗಳಲ್ಲಿ ಮತ್ತೆ ಇಂಗ್ಲಿಷರು. ಮುಂಡರಗಿಯನ್ನು ಬಿಟ್ಟು ಮೂಡಲಿಗೆ ಕೊಪ್ಪಳಕ್ಕೆ ಹೋದರೆ ಹೈದರಾಬಾದಿನ ನಿಜಾಮರು. ಇಷ್ಟು ದೊರೆಗಳ ಕೆಳಗೆ ಹಂಚಿಹೋಗಿದ್ದ ಜನರು ಆಡುತ್ತಿದ್ದ ಮಾತೊಂದೇ, ಕನ್ನಡ. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ಸೇರಿದವು; 1956ರ ನವೆಂಬರಿನಲ್ಲಿ ಆ ಸೀಮೆಯೂ ನಮ್ಮ ಸೀಮೆಯೂ ಒಂದೇ ರಾಜ್ಯವಾದವು. ಗದಗವು ಧಾರವಾಡದಿಂದ ಬೇರೆಯಾಗಿ ತಾನೇ ಒಂದು ಜಿಲ್ಲೆಯಾದದ್ದು 1997ರಲ್ಲಿ. ನಕ್ಷೆಯ ಗೆರೆಗಳು ಹೀಗೆ ಅಳಿಸಿಹೋದ ಮೇಲೆ ಅಲ್ಲಿ ಇನ್ನು ಪರದೇಶವೆಲ್ಲಿಯದು ಎಂದುಕೊಂಡು ನಾವು ಹೊರಟೆವು.

ಹೊರಡುವುದಕ್ಕೆ ಕಾರಣವೂ ಇತ್ತು. ನಮ್ಮ ಮನೆಯವರ ತಾಯಿ 1949ರಲ್ಲಿ ಲಕ್ಷ್ಮೇಶ್ವರದಲ್ಲಿ ಹುಟ್ಟಿದವರು. ಮದುವೆಯಾಗಿ ಮೈಸೂರಿಗೆ ಬಂದವರು ತವರಿಗೆ ಹಿಂದಿರುಗಿದ್ದು ಎರಡೋ ಮೂರೋ ಸಲ. ತಮ್ಮವರೆಲ್ಲ ಚದುರಿಹೋದ ಮೇಲೆ ಅದೂ ನಿಂತಿತು. ಅವರು ತೀರಿಕೊಂಡು ಎರಡು ವರ್ಷಗಳಾದವು. ಪೆಟ್ಟಿಗೆಯ ತಳದಲ್ಲಿ ಅವರ ಮದುವೆಯ ಕಾಲದ ಒಂದು ಸೀರೆ ಸಿಕ್ಕಿತು; ಗಿಳಿಹಸಿರಿನ ಒಡಲು, ಕೆಂಪು ಸೆರಗು. ‘ಬೆಟಗೇರಿಯ ಸೀರೆ’ ಎಂದು ಅವರು ಅದನ್ನು ಕರೆಯುತ್ತಿದ್ದರು. ಅದನ್ನು ತೆಗೆದುಕೊಂಡು ಒಮ್ಮೆ ಆ ಊರುಗಳನ್ನು ನೋಡಿ ಬರಬೇಕೆಂಬುದು ನಮ್ಮ ಮನೆಯವರ ಆಸೆ. ಅದರ ಜತೆಗೆ ನಾಲ್ಕು ಗುಡಿಗಳನ್ನೂ ಹತ್ತು ಶಾಸನಗಳನ್ನೂ ನೋಡಿ ಬರಬಹುದಲ್ಲ ಎಂಬುದು ಪಾಠ ಹೇಳುವವರ ಲೆಕ್ಕ. ಯಲವಿಗಿಯಲ್ಲಿ ಇಳಿದರೆ ಲಕ್ಷ್ಮೇಶ್ವರವು ಹತ್ತಿರವೆಂದೂ ಮೊದಲು ಅಲ್ಲಿಗೆ ಹೋಗೋಣವೆಂದೂ ಒಂದು ಸಲಹೆ ಬಂತು. ಪ್ರಬಂಧದಲ್ಲಿ ಮುಖ್ಯವಾದ ಅಂಶವು ಕೊನೆಗೆ ಬರುವುದು ಚಂದವೆಂದು ವಾದಿಸಿ, ಗದಗದಿಂದ ಪ್ರಾರಂಭಿಸುವ ಒಂದು ಪಟ್ಟಿಯನ್ನು ಗಂಟೆ ನಿಮಿಷಗಳ ಸಮೇತ ಬರೆದೆವು. ಆ ಪಟ್ಟಿಯಲ್ಲಿ ನಾವು ಬರೆದಂತೆ ನಡೆದದ್ದು ಮೈಸೂರನ್ನು ಬಿಟ್ಟದ್ದೊಂದೇ.

ಗದಗದಲ್ಲಿ ಇಳಿದಾಗ ಬೆಳಗಿನ ಹೊತ್ತು, ಹಸಿವು. ನಿಲ್ದಾಣದ ಹೊರಗೆ ನಿಂತಿದ್ದ ಒಬ್ಬ ಹಿರಿಯರನ್ನು, “ಇಲ್ಲಿ ಒಳ್ಳೆಯ ತಿಂಡಿ ಎಲ್ಲಿ ಸಿಗುತ್ತದೆ?” ಎಂದು ವಿನಯದಿಂದ ಕೇಳಿದೆವು. ಅವರು ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ತಿಂಡೀನ? ಯಾರಿಗ್ರಿ?” ಎಂದರು. “ನಮ್ಮಿಬ್ಬರಿಗೂ” ಎಂದೆವು. ಅವರ ಮುಖದಲ್ಲಿ ಕನಿಕರವೂ ಸಂಕೋಚವೂ ಮೂಡಿದವು. ಆ ಸೀಮೆಯಲ್ಲಿ ತಿಂಡಿ ಎಂದರೆ ಮೈಯ ನವೆ; ನಾವು ತಿನ್ನುವುದಕ್ಕೆ ಅಲ್ಲಿಯ ಹೆಸರು ನಾಷ್ಟಾ. ಒಳ್ಳೆಯ ನವೆಯೊಂದು ಎಲ್ಲಿ ದೊರೆಯುವುದೆಂದು ಗಂಡಹೆಂಡಿರಿಬ್ಬರೂ ಬೆಳಗಾಗೆದ್ದು ವಿಚಾರಿಸುವುದನ್ನು ಕಂಡು ಆ ಹಿರಿಯರು ಏನೆಂದುಕೊಂಡರೋ! ಔಷಧದ ಅಂಗಡಿಯ ದಿಕ್ಕನ್ನು ತೋರಿಸುವುದರಲ್ಲಿದ್ದವರು, ನಾವು ಹೊಟ್ಟೆಯ ಮೇಲೆ ಕೈಯಿಟ್ಟು ತೋರಿಸಿದ ಮೇಲೆ, ನಕ್ಕು, “ಹಾಂಗ ಹೇಳ್ರೆಲ್ಲ! ಸೀದಾ ಹೋಗ್ರಿ, ಮುಂದ ಎಡಕ್ಕ ಹೊಳ್ಳ್ರಿ” ಎಂದರು.

ಎರಡನೆಯ ಅನರ್ಥವು ಇಲ್ಲಿಂದ ಮೊದಲಾಯಿತು. ‘ಎಡಕ್ಕೆ ಹೊಳ್ಳರು’ ಎಂದು ಅವರು ಹೇಳಿದ್ದಾಗಿ ನಾವು ತಿಳಿದುಕೊಂಡೆವು. ಹೊಳ್ಳರೆಂಬ ಹೆಸರು ದಕ್ಷಿಣ ಕನ್ನಡದ ಕಡೆಯದು. ಅಂಥವರೊಬ್ಬರು ಇಲ್ಲಿ ಹೋಟೆಲು ಇಟ್ಟಿರಬಹುದೆಂಬುದರಲ್ಲಿ ಅಸಂಭವವೇನೂ ಇಲ್ಲ. ರಸ್ತೆಯ ಎಡಭಾಗದ ಹಲಗೆಗಳನ್ನೆಲ್ಲ ಓದುತ್ತ ಹೋಗಿ, ಮೂರು ಕಡೆಗಳಲ್ಲಿ, “ಹೊಳ್ಳರ ಹೋಟೆಲು ಯಾವುದು?” ಎಂದು ಕೇಳಿದೆವು. ಕೇಳಿದ ಕಡೆಯಲ್ಲೆಲ್ಲ, “ಹಂಗ ಯಾರೂ ಇಲ್ರಿ, ನೀವು ಹಿಂದಕ್ಕ ಹೊಳ್ಳ್ರಿ” ಎಂದೇ ಉತ್ತರ. ಹೊಳ್ಳರು ಹಿಂದಿದ್ದಾರೆಂದು ಹಿಂದಿರುಗಿದೆವು. ಹೀಗೆ ಎಡಕ್ಕೂ ಹಿಂದಕ್ಕೂ ಅರ್ಧ ಗಂಟೆ ಅಲೆದ ಮೇಲೆ ನಮ್ಮ ಮನೆಯವರು ಬೀದಿಯ ನಡುವೆ ನಿಂತು, “ಹೊಳ್ಳುವುದೆಂದರೆ ತಿರುಗುವುದು” ಎಂದರು. ಹೊರಳು ಎಂಬ ಧಾತುವೇ ಬಾಯಿಂದ ಬಾಯಿಗೆ ಸವೆದು ಹೊಳ್ಳು ಆಗಿದೆ. ಅದನ್ನು ಮೊದಲೇ ಏಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ, “ಮರೆತುಹೋಗಿತ್ತು” ಎಂದಿಷ್ಟೇ ಹೇಳಿದರು. ಆಗ ನಾವು ಅದರ ಕಡೆಗೆ ಲಕ್ಷ್ಯ ಕೊಡಲಿಲ್ಲ.

ವೀರನಾರಾಯಣನ ಗುಡಿಗೆ ಹೋದೆವು. ಕುಮಾರವ್ಯಾಸನು ಕೊಳದಲ್ಲಿ ಮಿಂದು, ಉಟ್ಟ ಒದ್ದೆಯ ಬಟ್ಟೆ ಆರುವವರೆಗೆ ಅಲ್ಲಿಯ ಕಂಬವೊಂದರ ಬಳಿ ಕುಳಿತು ಭಾರತವನ್ನು ರಚಿಸುತ್ತಿದ್ದನೆಂದು ಐತಿಹ್ಯ. ಬಟ್ಟೆ ಆರಿದ ಮೇಲೆ ಸ್ಫೂರ್ತಿ ನಿಲ್ಲುತ್ತಿತ್ತಂತೆ. ಆ ಕಂಬವನ್ನು ಕಂಡ ಕೂಡಲೇ ನಮ್ಮಲ್ಲಿ ಅಧ್ಯಾಪಕವೃತ್ತಿಯು ಜಾಗೃತವಾಯಿತು. ಕೋಳಿವಾಡದಿಂದ ಹಿಡಿದು ಭಾಮಿನಿಯ ಲಯದವರೆಗೆ ಇಪ್ಪತ್ತು ನಿಮಿಷ ಮಾತನಾಡಿದೆವು. ಹಿಂತಿರುಗಿ ನೋಡಿದರೆ ಕೇಳುತ್ತಿದ್ದವರು ನಮ್ಮ ಮನೆಯವರಲ್ಲ, ಯಾತ್ರೆಗೆ ಬಂದಿದ್ದ ಎಂಟು ಹತ್ತು ಮಂದಿ. ಅವರಲ್ಲಿ ಒಬ್ಬ ಮುದುಕರು ಮುಂದೆ ಬಂದು ನಮ್ಮ ಕೈಯಲ್ಲಿ ಹತ್ತು ರೂಪಾಯಿಯ ನೋಟೊಂದನ್ನು ಇಟ್ಟು, “ಚಲೋ ಹೇಳಿದ್ರಿ” ಎಂದು ನಮಸ್ಕರಿಸಿ ಹೋದರು. ಬೇಡವೆನ್ನುವಷ್ಟರಲ್ಲಿ ಅವರು ಬಾಗಿಲನ್ನು ದಾಟಿದ್ದರು. ನಮ್ಮ ಪಾಠಕ್ಕೆ ಕೇಳುಗರು ತಾವಾಗಿ ಕೊಟ್ಟ ಸಂಭಾವನೆ ಇದೇ ಮೊದಲು, ನೋಟನ್ನು ಇಟ್ಟುಕೊಂಡಿದ್ದೇವೆ. ಈ ಸಂಭ್ರಮದಲ್ಲಿ ಹೊತ್ತು ಮೀರಿ, ತ್ರಿಕೂಟೇಶ್ವರದ ಆವರಣದಲ್ಲಿರುವ ಸರಸ್ವತಿಯ ಗುಡಿಗೆ ಹೋಗುವ ವೇಳೆಗೆ ನೆತ್ತಿಯ ಬಿಸಿಲು. ಅಲ್ಲಿಯ ಕಂಬಗಳ ಕೆತ್ತನೆಯು ದಂತದ ಕೆಲಸದಂತಿದೆ. ದೇವಿಯ ಮೂರ್ತಿಯು ಭಗ್ನವಾಗಿದೆ. ಭಗ್ನವಾದ ಮೇಲೆಯೂ ಅದರ ಮುಂದೆ ಗಟ್ಟಿಯಾಗಿ ಮಾತನಾಡಲು ನಮಗೆ ಮನಸ್ಸು ಬರಲಿಲ್ಲ.

ಊಟಕ್ಕೆ ಖಾನಾವಳಿ. “ಕಟಕ ರೊಟ್ಟಿ ಬೇಕೋ ಮೆತ್ತನ್ನವು ಬೇಕೋ?” ಎಂದು ಬಡಿಸುವಾಕೆ ಕೇಳಿದರು. ಕಟಕವೆಂದರೆ ಕರ್ಕಾಟಕವೇನೋ ಎಂದು ಭ್ರಮಿಸಿ ನಾವು ಬೆಚ್ಚಿಬಿದ್ದದ್ದನ್ನು ವಿಸ್ತರಿಸುವುದಿಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳಿನ ಚಟ್ನಿ, ಹಸಿಯ ಉಳ್ಳಾಗಡ್ಡಿ: ಈ ನಾಲ್ಕನ್ನು ಒಟ್ಟಿಗೆ ಉಂಡವನು ಮೈಸೂರಿನ ಊಟವನ್ನು ಕುರಿತು ಜಂಬ ಕೊಚ್ಚುವುದಕ್ಕೆ ಸ್ವಲ್ಪ ಯೋಚಿಸುತ್ತಾನೆ.

ಮಧ್ಯಾಹ್ನ ಬೆಟಗೇರಿ. ಗದಗ, ಬೆಟಗೇರಿಗಳು ಅವಳಿ ಊರುಗಳು. ಒಂದರಲ್ಲಿ ಕೊಳ್ಳುವವರು, ಇನ್ನೊಂದರಲ್ಲಿ ನೇಯುವವರು ಎಂದು ಹಳಬರು ಹೇಳುವುದುಂಟು. ಓಣಿಗಳಲ್ಲಿ ವಿದ್ಯುತ್ತಿನ ಮಗ್ಗಗಳ ಸದ್ದೇ ಹೆಚ್ಚು. ಕೈಮಗ್ಗವನ್ನು ಇನ್ನೂ ಬಿಡದಿದ್ದ ಒಬ್ಬ ವೃದ್ಧ ನೇಕಾರರ ಮನೆಗೆ ನಮ್ಮನ್ನು ಯಾರೋ ಕರೆದೊಯ್ದರು. ನಮ್ಮ ಮನೆಯವರು ಗಂಟನ್ನು ಬಿಚ್ಚಿ ಸೀರೆಯನ್ನು ಅವರ ಮುಂದೆ ಹಾಸಿ, “ಇದು ನಿಮ್ಮ ಊರಿನಲ್ಲಿ ನೇಯ್ದದ್ದು, ಐವತ್ತು ವರ್ಷದ ಹಿಂದೆ” ಎಂದರು. ವೃದ್ಧರು ಸೀರೆಯನ್ನು ನೋಡಲಿಲ್ಲ, ಮುಟ್ಟಿದರು. ಒಡಲೂ ಸೆರಗೂ ಕೂಡುವ ಕಡೆಯಲ್ಲಿ ಬೆರಳನ್ನು ಓಡಿಸಿ, ಅದನ್ನು ಬೆಳಕಿಗೆ ಹಿಡಿದು, “ಇದು ಬೆಟಗೇರೀದಲ್ರಿ ಯವ್ವಾ. ಇಳಕಲ್ಲ ಸೀರಿ” ಎಂದರು.

ಅವರು ತೋರಿಸಿಕೊಟ್ಟದ್ದನ್ನು ನಾವು ತಿಳಿದುಕೊಂಡಷ್ಟು ಹೇಳುತ್ತೇವೆ. ಸಾಮಾನ್ಯವಾದ ಸೀರೆಯಲ್ಲಿ ಒಡಲಿಗೂ ಸೆರಗಿಗೂ ಹಾಸಿನ ಎಳೆಗಳು ಒಂದೇ. ಹೊಕ್ಕಿನ ಎಳೆಯನ್ನು ಬದಲಿಸಿದರೆ ಬಣ್ಣ ಬದಲಾಗುತ್ತದೆ. ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಒಂದರ ಎಳೆಯನ್ನು ಇನ್ನೊಂದರ ಎಳೆಗೆ ಕುಣಿಕೆಯಂತೆ ಸಿಕ್ಕಿಸಿ ಕೂಡಿಸುತ್ತಾರೆ. ಇದಕ್ಕೆ ಕೊಂಡಿ ಎಂದು ಹೆಸರು. ಆದುದರಿಂದ ಉದ್ದವಾದ ಹಾಸನ್ನು ಹೂಡಿ ಸಾಲಾಗಿ ಹಲವು ಸೀರೆಗಳನ್ನು ನೇಯ್ದು ಕತ್ತರಿಸುವಂತಿಲ್ಲ. ಒಂದೊಂದು ಸೀರೆಗೂ ಹಾಸನ್ನು ಬೇರೆಯಾಗಿಯೇ ಸಿದ್ಧಪಡಿಸಬೇಕು. ಸೆರಗಿನ ಮೇಲಿನ ಬಿಳಿಯ ಗೋಪುರದಂತಹ ಸಾಲು ‘ತೋಪತೆನೆ’. ಇಷ್ಟೆಲ್ಲವನ್ನೂ ಕೇಳಿ ನಮ್ಮ ಮನೆಯವರ ಮುಖ ಸಣ್ಣದಾಯಿತು. ಬಾಲ್ಯದಿಂದ ಬೆಟಗೇರಿಯ ಸೀರೆ ಎಂದು ಕೇಳಿದ್ದ ವಸ್ತುವು ಒಂದು ನಿಮಿಷದಲ್ಲಿ ಇಳಕಲ್ಲಿನದಾಗಿಬಿಟ್ಟಿತು! ವೃದ್ಧರಿಗೆ ಅದು ತಿಳಿಯಿತು. “ಬೆಟಗೇರಿ ಪ್ಯಾಟ್ಯಾಗ ಕೊಂಡಿರಬೇಕ್ರಿ. ಕೊಂಡ ಊರಿನ ಹೆಸರ ಸೀರಿಗೆ ಬರತೈತಿ” ಎಂದರು. ಅದು ಸತ್ಯವೋ ಸಮಾಧಾನವೋ ತಿಳಿಯದು. ಏಷ್ಯಾಖಂಡದ ಮೊದಲನೆಯ ಕೃಷಿ ಸಹಕಾರಿ ಸಂಘವೆಂದು ಹೆಸರಾಗಿ 1905ರಲ್ಲಿ ಹುಟ್ಟಿದ ಸಂಘದ ಊರು, ಕಣಗಿನಹಾಳ, ಅಲ್ಲಿಗೆ ಹತ್ತಿರವೇ. ಅದು ಸಂಜೆಯ ಪಟ್ಟಿಯಲ್ಲಿತ್ತು, ಪಟ್ಟಿಯಲ್ಲಿಯೇ ಉಳಿಯಿತು.

ಮಾರನೆಯ ದಿನ ಲಕ್ಕುಂಡಿ. ನೂರೊಂದು ಗುಡಿ ನೂರೊಂದು ಬಾವಿಯ ಊರೆಂದು ಅದರ ಪ್ರಸಿದ್ಧಿ. ದಾನಚಿಂತಾಮಣಿ ಅತ್ತಿಮಬ್ಬೆಯು 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯವನ್ನೂ ಕಾಶೀವಿಶ್ವೇಶ್ವರನ ಬಾಗಿಲುವಾಡದ ಕೆತ್ತನೆಯನ್ನೂ ನೋಡಿದೆವು. ಇವುಗಳ ವಿಷಯವಾಗಿ ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ಮಾಣಿಕೇಶ್ವರನ ಮುಂದಿನ ಮುಸುಕಿನ ಬಾವಿಗೆ ನಾವು ಕೊಟ್ಟ ಕಾಣಿಕೆಯನ್ನು ಮಾತ್ರ ಯಾರೂ ಬರೆದಿಲ್ಲ. ಅದು ಎಡಗಾಲಿನ ಒಂದು ಪಾದರಕ್ಷೆ. ಉಳಿದೊಂದನ್ನು ಕೈಯಲ್ಲಿ ಹಿಡಿದುಕೊಂಡು ಗದಗಕ್ಕೆ ಬಂದು ಹೊಸ ಜೋಡಿಯನ್ನು ಕೊಂಡು, ಮುಂಡರಗಿಯ ಬಸ್ಸನ್ನು ಹತ್ತಿದೆವು.

ಡಂಬಳವು ಗದಗದಿಂದ ಮುಂಡರಗಿಗೆ ಹೋಗುವ ದಾರಿಯಲ್ಲಿದೆ. ಒಂದು ಕಾಲದಲ್ಲಿ ಅದು ಧರ್ಮವೊಳಲ್. 1095ರ ಒಂದು ಶಾಸನವು ಅಲ್ಲಿ ಹದಿನಾರು ಸೆಟ್ಟಿಗಳು ಬೌದ್ಧವಿಹಾರವನ್ನು ಕಟ್ಟಿಸಿ ತಾರಾದೇವಿಯನ್ನು ಪೂಜಿಸುತ್ತಿದ್ದುದನ್ನು ಹೇಳುತ್ತದೆ. ಕನ್ನಡನಾಡಿನಲ್ಲಿ ಬೌದ್ಧಧರ್ಮವು ಅಷ್ಟು ಕಾಲ ಉಳಿದಿತ್ತೆಂಬುದಕ್ಕೆ ಇದೊಂದು ದೊಡ್ಡ ಸಾಕ್ಷ್ಯ. ಅಲ್ಲಿಯ ದೊಡ್ಡಬಸಪ್ಪನ ಗುಡಿಯಂತೂ ಶಿಲ್ಪಶಾಸ್ತ್ರದ ಒಂದು ವಿಚಿತ್ರ. ಗರ್ಭಗುಡಿಯ ಸುತ್ತಿನ ಗೋಡೆಯು ಇಪ್ಪತ್ತನಾಲ್ಕು ಕೋನಗಳ ನಕ್ಷತ್ರದಂತೆ ಮುರಿದು ಮುರಿದು ಹೋಗುತ್ತದೆ. ದೂರದಿಂದ ಅದು ಗೋಡೆಯಂತೆ ಕಾಣದೆ ಮಡಿಚಿ ನಿಲ್ಲಿಸಿದ ಬಟ್ಟೆಯಂತೆ ಕಾಣುತ್ತದೆ. ನಾವು ಬಿಸಿಲಿನಲ್ಲಿ ಸುತ್ತು ಬರುತ್ತ ಆ ಕೋನಗಳನ್ನು ಎಣಿಸುತ್ತಿದ್ದೆವು; ಎರಡು ಸಲ ತಪ್ಪಿತು. ಅದೇ ವೇಳೆಯಲ್ಲಿ ನೆರಳಿನಲ್ಲಿ ಕುಳಿತಿದ್ದ ನಮ್ಮ ಮನೆಯವರು ಗಂಟುಗಳನ್ನು ಎಣಿಸಿದರು. ಅವರ ಎಣಿಕೆ ತಪ್ಪಲಿಲ್ಲ. ಮೂರಾಗಿರಬೇಕಾದದ್ದು ಎರಡೇ ಇದ್ದವು. ಸೀರೆಯಿದ್ದ ಚೀಲವು ಬಸ್ಸಿನಲ್ಲಿಯೇ ಮುಂಡರಗಿಯ ಕಡೆಗೆ ಹೋಗಿತ್ತು.

ಆ ಚೀಲವನ್ನು ಮೇಲಿನ ಹಲಗೆಯ ಮೇಲೆ ಇಟ್ಟವರು ನಾವು. ಇಳಿಯುವಾಗ ಶಾಸನದ ಮಾತಿನಲ್ಲಿ ಮುಳುಗಿದ್ದವರೂ ನಾವೇ. ಕರಾರಿನ ಪ್ರಕಾರ ಇಷ್ಟೇ ಹೇಳುತ್ತೇವೆ. ನಮ್ಮ ಮನೆಯವರು ಕೂಗಾಡಲಿಲ್ಲ. ಬಸ್ಸು ನಿಲ್ಲುವ ಕಡೆಗೆ ನಡೆಯುತ್ತ ಒಂದೇ ಮಾತನ್ನಾಡಿದರು: “ಯಲವಿಗಿಯಲ್ಲಿ ಇಳಿದಿದ್ದರೆ ಆಗುತ್ತಿತ್ತು.” ಮುಂದಿನ ಬಸ್ಸು ಬರುವುದಕ್ಕೆ ಎರಡು ಗಂಟೆ ಹಿಡಿಯಿತು. ಡಂಬಳದ ಕೆರೆಯ ಕಡೆಯಿಂದ ಬೀಸುತ್ತಿದ್ದ ಗಾಳಿಯಲ್ಲಿ ಒಂದು ಬೆಂಚಿನ ಎರಡು ತುದಿಗಳಲ್ಲಿ ಕುಳಿತಿದ್ದೆವು. ಇಪ್ಪತ್ತು ವರ್ಷದ ಸಂಸಾರದಲ್ಲಿ ನಾವು ಎಷ್ಟೋ ಸಲ ಜಗಳವಾಡಿದ್ದೇವೆ. ಜಗಳವಾಡದೆ ಕುಳಿತ ಆ ಎರಡು ಗಂಟೆಗಳಂತಹದು ಬೇರೆ ಇಲ್ಲ.

ಮುಂಡರಗಿಯು ಭೀಮರಾಯನ ಊರು. 1858ರಲ್ಲಿ ಇಂಗ್ಲಿಷರ ಮೇಲೆ ಎದ್ದು ಕೊಪ್ಪಳದ ಕೋಟೆಯಲ್ಲಿ ಮಡಿದವನು. ಅವನ ವಿಷಯವಾಗಿ ಹೇಳಬೇಕೆಂದು ಸಿದ್ಧಪಡಿಸಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ನಾವು ಬಂದಿದ್ದ ಬಸ್ಸು ಬೇರೆಯ ಊರಿಗೆ ಹೊರಟುಹೋಗಿತ್ತು. ನಿಲ್ದಾಣದ ಮೂಲೆಯಲ್ಲಿ ಚಹಾ ಮಾಡುತ್ತಿದ್ದ ಒಬ್ಬ ಹೆಂಗಸು ನಮ್ಮ ಮುಖಗಳನ್ನು ನೋಡಿ ತಾನೇ ಕರೆದಳು. “ಯಕ್ಕಾರ, ಚೀಲಾ ಹುಡುಕಾಕ್ಹತ್ತೀರೇನ್ರಿ? ಕಂಡಕ್ಟರ್ ನನ್ನ ಕಡೆ ಇಟ್ಟು ಹೋಗ್ಯಾನ. ಒಳಗ ಏನೈತಿ ಹೇಳ್ರಿ, ಕೊಡ್ತೀನಿ.”

ನ್ಯಾಯವಾದ ಪ್ರಶ್ನೆ. “ಎರಡು ಪುಸ್ತಕಗಳು, ಒಂದು ಭೂಪಟ, ಒಂದು ಜೊತೆ ಕನ್ನಡಕ” ಎಂದು ನಾವು ಪಟ್ಟಿ ಮಾಡುವುದಕ್ಕೆ ಮೊದಲಿಟ್ಟೆವು. ಆಕೆ ನಮ್ಮ ಕಡೆ ತಿರುಗಿಯೂ ನೋಡದೆ ನಮ್ಮ ಮನೆಯವರ ಮುಖವನ್ನೇ ನೋಡುತ್ತಿದ್ದಳು. ಆಗ ನಮ್ಮ ಮನೆಯವರು, “ನಮ್ಮವ್ವನ ಸೀರಿ ಐತ್ರಿ ಅದರಾಗ. ಹಸರ ಸೀರಿ, ಕೆಂಪ ಸೆರಗು. ಅವ್ವ ತೀರಿಕೊಂಡಾಳ್ರಿ” ಎಂದರು.

ಇಪ್ಪತ್ತು ವರ್ಷಗಳಲ್ಲಿ ಅವರ ಬಾಯಿಂದ ಆ ಬಗೆಯ ಮಾತನ್ನು ನಾವು ಕೇಳಿದ್ದು ಅದೇ ಮೊದಲು. ಚಹಾದಾಕೆ ಒಳಗೆ ಹೋಗಿ ಚೀಲವನ್ನು ತಂದು, ಅದನ್ನು ಕೈಗೆ ಕೊಡದೆ ಮಡಿಲಲ್ಲಿಯೇ ಇಟ್ಟಳು. ಚಹಾಕ್ಕೆ ಹಣ ತೆಗೆದುಕೊಂಡಳು. ಚೀಲವನ್ನು ಕಾದದ್ದಕ್ಕೆ ಕೊಡಹೋದದ್ದನ್ನು ಮುಟ್ಟಲಿಲ್ಲ.

ಕರಾರನ್ನು ಮುರಿಯಬೇಕಾದ ಕಡೆ ಇದು. ನಮ್ಮ ಅತ್ತೆಯವರು ಮೈಸೂರಿಗೆ ಬಂದು ಎಷ್ಟು ವರ್ಷಗಳಾದರೂ ಅವರ ಮಾತಿನಲ್ಲಿ ಲಕ್ಷ್ಮೇಶ್ವರವು ಉಳಿದಿತ್ತು. ‘ಬರುತ್ತಿದ್ದೇನೆ’ ಎನ್ನುವ ಕಡೆ ‘ಬರಲಿಕ್ಹತ್ತೇನಿ’ ಎನ್ನುತ್ತಿದ್ದರು, ‘ಬಹಳ’ವು ‘ಭಾಳ’ವಾಗುತ್ತಿತ್ತು, ಹೊರಟವರಿಗೆ ‘ಹೊಳ್ಳಿ ಬರ್ರಿ’ ಎನ್ನುತ್ತಿದ್ದರು. ಅವರನ್ನು ನಗುನಗುತ್ತ ತಿದ್ದಿದವರು ನಾವು. ಇಲ್ಲಿ ‘ನಾವು’ ಎಂದರೆ ಒಬ್ಬರೇ. “ಅತ್ತೆ, ಅದು ಹಾಗಲ್ಲ, ಹೀಗೆ” ಎಂದು, ಮೊಮ್ಮಕ್ಕಳ ಎದುರಿನಲ್ಲಿ, ಬಂದುಹೋಗುವವರ ಎದುರಿನಲ್ಲಿ ಹೇಳಿದ್ದೇವೆ. ಕೆಲವು ಕಾಲದ ಮೇಲೆ ಅವರು ನಮ್ಮೊಡನೆ ‘ಹೂಂ’ ಎಂಬುದಕ್ಕಿಂತ ಹೆಚ್ಚಿಗೆ ಆಡುವುದನ್ನು ಬಿಟ್ಟರು. ಅಳಿಯನ ಮುಂದೆ ಅತ್ತೆಯು ಕಡಮೆ ಮಾತನಾಡುವುದು ಆ ಕಡೆಯ ಮರ್ಯಾದೆಯಿರಬಹುದೆಂದು ನಾವು ಸಂತೋಷದಿಂದ ತಿಳಿದುಕೊಂಡಿದ್ದೆವು. ತಾಯಿಮಕ್ಕಳು ಅಡಿಗೆಯ ಮನೆಯಲ್ಲಿ ಯಾವ ಮಾತನ್ನಾಡಿಕೊಳ್ಳುತ್ತಿದ್ದರೆಂಬುದನ್ನು ನಾವು ಎಂದೂ ಕಿವಿಗೊಟ್ಟು ಕೇಳಿರಲಿಲ್ಲ.

ಶಿರಹಟ್ಟಿಯ ವಿಷಯವಾಗಿ ಹೆಚ್ಚು ಹೇಳುವುದಕ್ಕಿಲ್ಲ. ಕತ್ತಲಾದ ಮೇಲೆ ಅಲ್ಲಿಗೆ ತಲಪಿದೆವು. ಹಿಂದೂಗಳೂ ಮುಸಲ್ಮಾನರೂ ಒಟ್ಟಿಗೆ ನಡೆದುಕೊಳ್ಳುವ ಫಕೀರೇಶ್ವರನ ಮಠಕ್ಕೆ ಬೆಳಗ್ಗೆ ಹೋಗಿ ಕೈಮುಗಿದೆವು. ರಾತ್ರಿ ತಂಗಿದ್ದ ಕೋಣೆಯಲ್ಲಿ ದೀಪವಿರಲಿಲ್ಲ, ಸೊಳ್ಳೆಗಳಿದ್ದವು. ಅವುಗಳಿಂದ ಗದಗದ ಹಿರಿಯರು ಶಂಕಿಸಿದ್ದ ತಿಂಡಿಯು ನಮಗೆ ನಿಜವಾಗಿಯೂ ಪ್ರಾಪ್ತವಾಯಿತು.

ಇನ್ನು ಲಕ್ಷ್ಮೇಶ್ವರ. ಅದರ ಹಳೆಯ ಹೆಸರು ಪುಲಿಗೆರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕಾವೇರಿಯಿಂದ ಗೋದಾವರಿಯವರೆ��ೆ ಕನ್ನಡನಾಡಿನ ಎಲ್ಲೆಯನ್ನು ಹೇಳಿ, ಅದರೊಳಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳ ನಡುವಣದನ್ನು ಕನ್ನಡದ ತಿರುಳೆಂದು ಗುರುತಿಸುತ್ತದೆ. ಕಿಸುವೊಳಲೆಂದರೆ ಪಟ್ಟದಕಲ್ಲು, ಕೊಪಣವೆಂದರೆ ಕೊಪ್ಪಳ. ಈ ಭಾಗವನ್ನು ತರಗತಿಯಲ್ಲಿ ವರ್ಷವರ್ಷವೂ ಹೇಳುತ್ತ ಬಂದಿದ್ದೇವೆ. ಕಾವೇರಿಯ ದಡದವರಾದ ನಾವು ಆ ಲೆಕ್ಕದಲ್ಲಿ ಎಲ್ಲೆಯ ಕಾವಲುಗಾರರು, ನಡುಮನೆಯವರಲ್ಲ. ನಡುಮನೆಯಿಂದ ಬಂದವರೊಬ್ಬರಿಗೆ ನಮ್ಮ ಊಟದ ಮನೆಯಲ್ಲಿ ಕನ್ನಡವನ್ನು ತಿದ್ದುತ್ತಿದ್ದಾಗ ಈ ಪಾಠವು ನೆನಪಿಗೆ ಬಾರದೆ ಹೋದದ್ದು ಹೇಗೆಂದು ಈಗಲೂ ಆಶ್ಚರ್ಯವಾಗುತ್ತದೆ.

ಮೊಬೈಲಿನ ಭೂಪಟವನ್ನು ನಂಬಿ ಅಲ್ಲಿಯೂ ಒಂದು ಸುತ್ತು ದಾರಿ ತಪ್ಪಿ, ಕೊನೆಗೆ ಸೋಮೇಶ್ವರನ ಗುಡಿಗೆ ಬಂದೆವು. ಗರ್ಭಗುಡಿಯಲ್ಲಿ ನಂದಿಯನ್ನೇರಿ ಕುಳಿತ ಶಿವಪಾರ್ವತಿಯರ ಮೂರ್ತಿಯಿದೆ. ಈ ಸೋಮನಾಥನನ್ನು ಸೌರಾಷ್ಟ್ರದಿಂದ ತಂದವನು ಆದಯ್ಯನೆಂಬ ಶರಣನೆಂದು ಕಥೆ. ರಾಘವಾಂಕನ ‘ಸೋಮನಾಥಚರಿತೆ’ಯು ಅವನದೇ. ವ್ಯಾಪಾರಕ್ಕೆಂದು ಪುಲಿಗೆರೆಗೆ ಬಂದ ಆದಯ್ಯನು ಈ ಊರಿನ ಜೈನರ ಮಗಳು ಪದ್ಮಾವತಿಯನ್ನು ಮದುವೆಯಾದನು. ಅತ್ತೆಮಾವಂದಿರೊಡನೆ ಮಾತಿಗೆ ಮಾತು ಬೆಳೆದು, ಛಲದಿಂದ ಸೋಮನಾಥನನ್ನೇ ತರುವುದಾಗಿ ಹೊರಟನು. ಆತನೂ ಪರದೇಶಿ, ಆತನೂ ಈ ಊರಿನ ಅಳಿಯ. ಆದರೆ ಆತನು ಈ ಊರಿಗೆ ಏನನ್ನೋ ತಂದುಕೊಟ್ಟನು. ಇಷ್ಟನ್ನು ಯೋಚಿಸಿ ಆ ಹೋಲಿಕೆಯನ್ನು ನಾವು ಅಲ್ಲಿಗೇ ಬಿಟ್ಟೆವು.

ಮನೆಯನ್ನು ಹುಡುಕಿದೆವು. ಅತ್ತೆಯವರು ಹೇಳುತ್ತಿದ್ದ ಗುರುತುಗಳು ಗುಡಿ, ಬಾವಿ, ಬಾವಿಯಿಂದ ಕಾಣುವ ಒಂದು ಬೇವಿನ ಮರ. ಗುಡಿಯಿದೆ; ಅದರ ಹಿಂದೆ ಮೆಟ್ಟಿಲ ಬಾವಿಯಿದೆ; ಬೇವಿನ ಮರಗಳು ಬೇಕಾದಷ್ಟಿವೆ. ಆ ಓಣಿಯಲ್ಲಿ ಮಣ್ಣಿನ ಮನೆಗಳು ಹೋಗಿ ಸಿಮೆಂಟಿನವು ಬಂದಿವೆ. ಕಟ್ಟೆಯ ಮೇಲೆ ಕುಳಿತು ಜೋಳವನ್ನು ಹಸನು ಮಾಡುತ್ತಿದ್ದ ಒಬ್ಬ ವೃದ್ಧೆಯನ್ನು ನಾವು ಶುದ್ಧವಾದ ಭಾಷೆಯಲ್ಲಿ ವಿಚಾರಿಸಿದೆವು. ಆಕೆಗೆ ಅದು ಅರ್ಥವಾಗಲಿಲ್ಲವೋ, ಅರ್ಥವಾಗುವುದು ಬೇಡವೆನಿಸಿತೋ, “ಏನಂತಾರಬೇ ಇವರು?” ಎಂದು ನಮ್ಮ ಮನೆಯವರನ್ನು ಕೇಳಿದಳು. ನಮ್ಮ ಮನೆಯವರು ಆಕೆಯ ಪಕ್ಕದಲ್ಲಿ ಕುಳಿತು ಮೊರವನ್ನು ತಮ್ಮ ಕಡೆಗೆ ಎಳೆದುಕೊಂಡರು.

ಆ ಮೇಲಿನ ಒಂದು ಗಂಟೆ ನಡೆದ ಮಾತಿನಲ್ಲಿ ನಮಗೆ ತಿಳಿದದ್ದು ಅರ್ಧ. ವೃದ್ಧೆಗೆ ಅತ್ತೆಯವರ ನೆನಪು ಇರಲಿಲ್ಲ. ಅವರ ಅಕ್ಕನೊಬ್ಬಳ ನೆನಪು ಇದ್ದಹಾಗಿತ್ತು. ಅದೂ ಬೇರೆ ಮನೆಯವಳಿರಬಹುದು. ಬಾವಿಯಲ್ಲಿ ನೀರು ತರುತ್ತಿದ್ದುದು, ಶ್ರಾವಣದ ಸೋಮವಾರಗಳು, ಯಾರೋ ಮುಂಬಯಿಗೆ ಹೋಗಿ ಕಾಗದ ಬರೆಯದೆ ಇದ್ದದ್ದು. ನಮ್ಮ ಮನೆಯವರು ಚೀಲದಿಂದ ಸೀರೆಯನ್ನು ತೆಗೆದು ತೋರಿಸಿದರು. ವೃದ್ಧೆಯು ಕೊಂಡಿಯನ್ನಾಗಲಿ ತೋಪತೆನೆಯನ್ನಾಗಲಿ ನೋಡಲಿಲ್ಲ, “ಉಟಗೊಳ್ಳಬೇ, ಇಟ್ಟು ಏನ ಮಾಡ್ತಿ?” ಎಂದಳು. ನಾವು ಬಾವಿಯ ಮೇಲಿನ ಮೆಟ್ಟಿಲ ಮೇಲೆ ಕುಳಿತು, ಅವರ ಮಾತಿನಲ್ಲಿ ಬರುತ್ತಿದ್ದ ತಿಳಿಯದ ಶಬ್ದಗಳನ್ನು ಪಟ್ಟಿಯ ಹಿಂಬದಿಯಲ್ಲಿ ಬರೆದುಕೊಳ್ಳಲು ಮೊದಲಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಸೀಸದ ಕಡ್ಡಿಯನ್ನು ಜೇಬಿಗೆ ಹಾಕಿಕೊಂಡೆವು.

ನಾವು ಹೊರಟು ನಿಂತಾಗ ವೃದ್ಧೆಯು, “ಹೊಳ್ಳಿ ಬರ್ರಿ” ಎಂದಳು. ಈ ಸಲ ಯಾವ ಹೊಳ್ಳರನ್ನೂ ಹುಡುಕಲಿಲ್ಲ. ಪಟ್ಟಿಯ ಪ್ರಕಾರ ನೋಡಬೇಕಾಗಿದ್ದ ಶಂಖಬಸದಿಯನ್ನು, 1617ರ ಮಸೀದಿಯನ್ನು ಬಿಟ್ಟು ಯಲವಿಗಿಗೆ ಬಂದೆವು. ಗಾಡಿ ಎಷ್ಟು ತಡವೆಂದು ನಿಲ್ದಾಣದಲ್ಲಿ ವಿಚಾರಿಸಿದವರು ನಮ್ಮ ಮನೆಯವರು. ಹಿಂದಿರುಗಿ ಬಂದು ನಮ್ಮ ಪಕ್ಕದಲ್ಲಿ ಕುಳಿತು, “ಬರಲಿಕ್ಹತ್ತೈತಂತ, ಇನ್ನೊಂದು ತಾಸು” ಎಂದರು.

“ಹೂಂ” ಎಂದೆವು.